ಬಾಳಮ್ಮನ ಬಾಯಿಖಣ

ಆಳಂದದಲ್ಲಿ ಕಾಳಿನ ದಲಾಲಿ ನಡೆಸುವ ಅಡತ್ ಅಂಗಡಿಯೊಂದರಲ್ಲಿ ತೊಗರಿ ಹಸನು ಮಾಡುತ್ತಿದ್ದ ಬಾಳಮ್ಮನಿಗೆ ಎರಡು ಹೆಸರಿದ್ದವು. ಹಗಲೆಲ್ಲ ಮೊರ ಹಿಡಿದು ಕಲ್ಲು ಆರಿಸುವಾಗ ಅವಳು ಬರೀ ಬಾಳಮ್ಮ. ಮದುವೆಯ ಹಂದರದ ಕೆಳಗೆ ನಿಂತು ಗಂಟಲು ತೆರೆದಳೆಂದರೆ ಬೈಯೂ ಬಾಳಮ್ಮ. ಅತ್ತ ನರೋಣಾದಿಂದ ಹಿಡಿದು ಇತ್ತ ಅಫಜಲಪುರದ ತನಕ, ಮಗಳ ಮದುವೆ ಗೊತ್ತಾದವರು ಅಡುಗೆಯವನಿಗಿಂತ ಮೊದಲು ಅವಳಿಗೆ ಹೇಳಿ ಕಳಿಸುತ್ತಿದ್ದರು. ಬೀಗರ ಹಾಡಿನಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮದುಮಗನ ಮೂಗು, ಅವನಪ್ಪನ ಹೊಟ್ಟೆ, ಅವ್ವನ ಕೈಬಿಗಿ, ಸೋದರಮಾವನ ಬಣ್ಣ ಹಚ್ಚಿದ ಮೀಸೆ, ಯಾವುದನ್ನೂ ಆಕೆ ಬಿಟ್ಟವಳಲ್ಲ. ಬೈಸಿಕೊಂಡವರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಳಮ್ಮ ತಮ್ಮನ್ನು ಬಿಟ್ಟುಬಿಟ್ಟಳೆಂದು ಮುನಿಸಿಕೊಂಡು ಊಟಕ್ಕೆ ಕೂಡದ ಬೀಗರೂ ಇದ್ದರು.

ಈ ಬೈಗುಳಕ್ಕೊಂದು ಕಟ್ಟಳೆ ಇತ್ತು. ಹೆಣ್ಣಿನ ಕಡೆಯವಳು ಬೈದು ಹಾಡಿದ ಮೇಲೆ ಗಂಡಿನ ಕಡೆಯವರು ತಿರುಗಿ ಅವಳನ್ನು ಬೈದು ಒಂದು ನುಡಿಯಾದರೂ ಹಾಡಬೇಕು. ಆಮೇಲೆ ಅವಳ ಸೆರಗಿನಲ್ಲಿ ಒಂದು ಕುಪ್ಪಸದ ಖಣ ಇಡಬೇಕು. ಅದೇ ಬಾಯಿಖಣ. ಖಣ ಬಿತ್ತೆಂದರೆ ಬಾಯಿ ಮುಚ್ಚಿತು, ಅಂದದ್ದೆಲ್ಲ ಹಾಡಾಯಿತು, ಇನ್ನು ಎಲ್ಲರೂ ಊಟಕ್ಕೆ ಏಳಬಹುದು. ಖಣ ಬೀಳದಿದ್ದರೆ ಅಂದದ್ದು ಹಾಡಲ್ಲ, ಬರೀ ಬೈಗುಳ. ಬಾಳಮ್ಮನಿಗೆ ವಿದ್ಯೆ ಕಲಿಸಿದವಳು ನರೋಣಾದ ಅವಳ ದೊಡ್ಡವ್ವ ಗುರಮ್ಮ. ಆಕೆ ಸಾಯುವ ಮುಂಚೆ ಮೂರು ಮಾತು ಹೇಳಿದ್ದಳು: ಸತ್ತವರ ಮೇಲೆ ಹಾಡು ಕಟ್ಟಬೇಡ, ಮಕ್ಕಳಾಗದವರ ಮೇಲೆ ಕಟ್ಟಬೇಡ, ಖಣ ಬೀಳದ ಹಾಡಿನ ಮೇಲೆ ಇನ್ನೊಂದು ಹಾಡು ಹಾಡಬೇಡ.

ಬಾಳಮ್ಮನ ಸ್ವಂತ ಸಂಸಾರದ ಕತೆ ಹೇಳುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಮದುವೆಯಾದ ಮೂರನೇ ತಿಂಗಳಿಗೆ ಗಂಡ ಹಣಮಂತರಾಯ ಮಿಲ್ಲಿನಲ್ಲಿ ಕೆಲಸ ಹುಡುಕುತ್ತೇನೆಂದು ಸೊಲ್ಲಾಪುರಕ್ಕೆ ಹೋದ. ಹೋದವನು ಬರಲಿಲ್ಲ. ಕಾಗದವೂ ಬರಲಿಲ್ಲ. ಹಾಗೆ ಇಪ್ಪತ್ತೊಂದು ವರ್ಷ ಕಳೆದವು. ಅಷ್ಟು ವರ್ಷಗಳಲ್ಲಿ ಎದುರು ಪಕ್ಷದವರು ಅವಳನ್ನು ಏನೆಲ್ಲ ಅಂದು ಹಾಡಿದ್ದರು. ಹಲ್ಲು ಕುಂಟೆಯ ಹಲ್ಲು ಅಂದರು, ದನಿ ಬಸ್ಸಿನ ಹಾರ್ನು ಅಂದರು, ಎತ್ತರ ನೋಡಿ ಮಾಳಿಗೆ ಹತ್ತಲು ಏಣಿ ಬೇಡ ಅಂದರು. ಹಣಮಂತರಾಯನ ಮಾತನ್ನು ಮಾತ್ರ ಒಬ್ಬರೂ ಎತ್ತಿರಲಿಲ್ಲ. ಒಮ್ಮೆ ಯಾರೋ ತಿಳಿಯದವಳು ಶುರು ಮಾಡಿದ್ದಕ್ಕೆ ಪಕ್ಕದವಳು ತೊಡೆ ಚಿವುಟಿ ನಿಲ್ಲಿಸಿದ್ದನ್ನು ಬಾಳಮ್ಮ ಕಣ್ಣಾರೆ ಕಂಡಿದ್ದಳು. ಮಂದಿ ತನಗೆ ಕೊಡುವ ಮರ್ಯಾದೆ ಅದು ಎಂದು ಅವಳು ತಿಳಿದಿದ್ದಳು. ಆ ಮರ್ಯಾದೆಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಎಂಬತ್ತಾರರ ಚಳಿಗಾಲದಲ್ಲಿ ಅಡತ್ ಅಂಗಡಿಯ ಸಾಹುಕಾರ ಶಾಂತಲಿಂಗಪ್ಪನವರಿಗೆ ಒಂದು ಹೊಸ ವಿಚಾರ ಹೊಳೆಯಿತು. ಅವರು ಆಳಂದದ ಕುಸ್ತಿ ಸಂಘದ ಅಧ್ಯಕ್ಷರು. ಸ್ವತಃ ಒಂದು ದಿನವೂ ಕಾಚಾ ಹಾಕಿ ಮಣ್ಣಿಗಿಳಿದವರಲ್ಲ, ಅದಕ್ಕೇ ಅಧ್ಯಕ್ಷರಾಗಿದ್ದರು.

"ಬಾಳಮ್ಮ, ಹ್ವಾದ ವರ್ಷ ಒಬ್ಬ ಪೈಲವಾನಗ ಸನ್ಮಾನ ಮಾಡಿದ್ವಿ. ಹನ್ನೊಂದು ಮಂದಿ ಭಾಷಣ ಮಾಡಿದ್ರು. ಹನ್ನೊಂದೂ ಮಂದಿ ಭೀಮ ಭೀಮ ಅಂದ್ರು. ಆ ಭೀಮ ಕುರ್ಚಿ ಮ್ಯಾಲೇ ನಿದ್ದಿ ಹೋದ. ಈ ಸಲ ಜೇವರ್ಗಿ ಸರ್ದಾರನ್ನ ಕರ್ಸಾಕತ್ತೇವಿ. ಹೊಗಳಾಕ ಮಂದಿ ಇದ್ದಾರ. ಬೈಯಾಕ ನೀ ಬರಬೇಕು."

"ಅವರೇನು ನನಗ ಬೀಗರೇನ್ರಿ ಸಾಹುಕಾರ್ರ?"

"ಜೇವರ್ಗಿಯಿಂದ ಆಳಂದಕ್ಕ ಶಾಲು ಹೊದಿಸ್ಕೊಳ್ಳಾಕ ಬರ್ತಾನಂದ್ರ ಆಳಂದದ ಅಳಿಯ ಅಂತ ತಿಳಕೋ. ಖಣ ನಾ ತಾಟಿನಾಗ ಇಡಿಸ್ತೇನಿ."

ಸರ್ದಾರ ಪೈಲವಾನನ ಹೆಸರು ಕೇಳದವರು ಆ ಸೀಮೆಯಲ್ಲಿರಲಿಲ್ಲ. ಹತ್ತು ವರ್ಷ ಮೂರು ತಾಲೂಕಿನ ಯಾವ ಕಣದಲ್ಲೂ ಅವನ ಬೆನ್ನಿಗೆ ಮಣ್ಣು ಹತ್ತಿರಲಿಲ್ಲ. ಆಳಂದದ ಹಜಾಮತಿ ಅಂಗಡಿಯಲ್ಲೂ ಅವನ ಫೋಟೋ ತೂಗುತ್ತಿತ್ತು. ಎರಡು ವರ್ಷದ ಹಿಂದೆ ಸೊಲ್ಲಾಪುರದ ಜಂಗೀ ಕುಸ್ತಿಗೆ ಅವನ ಹಿಂದೆ ಆರು ಲಾರಿ ಮಂದಿ ಹೋದರು. ಅಲ್ಲಿ ಎಳೆ ವಯಸ್ಸಿನ ಪೈಲವಾನನೊಬ್ಬ ಕೈಕುಲುಕಿದವನೇ, ನೋಡುವವರು ಬೀಡಿ ಹಚ್ಚಿಕೊಳ್ಳುವಷ್ಟರಲ್ಲಿ, ಸರ್ದಾರನನ್ನು ಮಲಗಿಸಿಬಿಟ್ಟ. ಆರು ಲಾರಿ ಮಂದಿ ಒಂದೂ ಮಾತಾಡದೆ ತಿರುಗಿ ಬಂದರು. ಸರ್ದಾರ ಮತ್ತೆ ಕಣಕ್ಕಿಳಿಯಲಿಲ್ಲ.

ಬಾಳಮ್ಮ ಎಂಟು ದಿನ ತೊಗರಿ ಆರಿಸುತ್ತ ನುಡಿ ಕಟ್ಟಿದಳು. ಆರು ನುಡಿ ಆದವು. ಅವುಗಳಲ್ಲಿ ಸೊಲ್ಲಾಪುರದ ನುಡಿಯೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಅದು ಹೊಳೆದಾಗ ಮೊರದಲ್ಲಿದ್ದ ಕಾಳೆಲ್ಲ ನೆಲಕ್ಕೆ ಚೆಲ್ಲುವಂತೆ ಅವಳೊಬ್ಬಳೇ ನಕ್ಕಿದ್ದಳು. ಆದರೆ ಸನ್ಮಾನದ ದಿನ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಮನಸ್ಸು ತಿರುಗಿತು. ಗಾಯವಿನ್ನೂ ಹಸಿ, ಪಾಪ, ಅದನ್ನು ಯಾಕೆ ಕೆರೆಯಬೇಕು ಎನಿಸಿತು. ದೊಡ್ಡವ್ವ ಹೇಳಿದ, ಸತ್ತವರ ಮೇಲೆ ಕಟ್ಟಬಾರದೆಂಬ ಮಾತಿನೊಳಗೆ ಸೊಲ್ಲಾಪುರವನ್ನೂ ಸೇರಿಸಿದಳು. ನುಡಿ ಬಿಟ್ಟಳು. ಬಿಟ್ಟದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡು ಹೈಸ್ಕೂಲು ಮೈದಾನಕ್ಕೆ ಹೋದಳು.

ಅಲ್ಲಿ ಮಂದಿ ಕಿಕ್ಕಿರಿದಿದ್ದರು. ಸ್ಟೇಜಿನ ಮೇಲೆ ಹಾರ ಹಾಕಿಕೊಂಡು ಸರ್ದಾರ ಕೂತಿದ್ದ. ಅವನ ಭಾರಕ್ಕೆ ಹೆದರಿ ಕಬ್ಬಿಣದ ಕುರ್ಚಿ ತರಿಸಿದ್ದರು. ಭಾಷಣಗಳು ಮುಗಿದವು. ಶಾಂತಲಿಂಗಪ್ಪನವರು ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದರು. ಹೇಳುವಾಗ ಬಾಳಮ್ಮನ ಕಡೆ ನೋಡಿದರು. ಸರ್ದಾರನೂ ಅವಳ ಕಡೆ ನೋಡಿ ಕಣ್ಣು ಕೆಳಗೆ ಹಾಕಿದ. ಖಣದ ಕಟ್ಟಳೆ ತಿಳಿಸುತ್ತಿರಬೇಕೆಂದುಕೊಂಡ ಬಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದಳು.

ಬಂದಾನ ಅಳಿಯ ಜೇವರ್ಗಿ ಊರಿಂದ
ಬಾಗಿಲ ಸಾಲದು ಬರ್ರೆವ್ವ
ತಂದಿಟ್ಟ ರೊಟ್ಟಿ ಒಂದೂ ಉಳಿದಿಲ್ಲ
ಬುಟ್ಟೀನೂ ತಿಂದಾನ ನೋಡ್ರೆವ್ವ

ಮೈದಾನ ನಗೆಯಲ್ಲಿ ಅಲ್ಲಾಡಿತು. ಸರ್ದಾರನೂ ನಕ್ಕ. ಮಣ್ಣಿನಲ್ಲಿ ಉಜ್ಜಿ ಉಜ್ಜಿ ಮುದುಡಿಹೋಗಿದ್ದ ಅವನ ಕಿವಿಗಳ ಮೇಲೆ ಎರಡನೆಯ ನುಡಿ.

ಕಿವಿಯೆರಡೂ ಒಣಗಿದ ಬದನಿಕಾಯಿ
ಕರೆದರ ಒಂದೂ ಕೇಳಂಗಿಲ್ಲ
ಹಾಲಿನ ಚರಗಿ ಸಪ್ಪಳಾದರ
ಹತ್ತ ಮನಿಯಾಚೆ ಕೇಳತದ

ಸರ್ದಾರನ ಹೆಗಲು ನಗೆಗೆ ಕುಲುಕತೊಡಗಿದವು. ಮೂರನೆಯದು ಗೊರಕೆಯ ಮೇಲೆ, ನಾಲ್ಕನೆಯದು ನಡಿಗೆಯ ಮೇಲೆ. ನಾಲ್ಕು ಮುಗಿದಾಗ ಅವನು ಕುರ್ಚಿಯ ತುದಿಗೆ ಬಂದು, ಮೊಣಕಾಲ ಮೇಲೆ ಕೈಯೂರಿ, ಮುಂದೆ ಬಾಗಿ ಕೂತಿದ್ದ. ಬಾಳಮ್ಮ ಐದನೆಯದಾಗಿ ಮೀಸೆಯ ನುಡಿ ಹಾಡಿ ಕೈ ಮುಗಿದಳು. ಚಪ್ಪಾಳೆಯೋ ಚಪ್ಪಾಳೆ. ಸರ್ದಾರ ಇನ್ನೂ ಹಾಗೇ ಬಾಗಿ ಕೂತಿದ್ದ. ಚಪ್ಪಾಳೆ ನಿಂತಿತು. ಅವನ ಮುಖದ ಮೇಲಿನ ನಗೆಯೂ ನಿಂತಿತು. ಎದ್ದು ತಾಟಿನಲ್ಲಿದ್ದ ಖಣ ನೋಡಿದ, ಅದನ್ನು ಮುಟ್ಟಲಿಲ್ಲ. ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಮಂದಿಗೆ ಕೈಯೆತ್ತಿ ನಮಸ್ಕಾರ ಮಾಡಿ, ಸ್ಟೇಜಿನಿಂದಿಳಿದು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಬಾಳಮ್ಮ ಸೆರಗು ಹಿಡಿದುಕೊಂಡು ನಿಂತೇ ಇದ್ದಳು. ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳ ಸೆರಗು ಬರಿದಾಗಿ ಉಳಿದದ್ದು ಅದೇ ಮೊದಲು.

ಮರುದಿನದಿಂದ ಊರಿನವರೆಲ್ಲ ಅವಳಿಗೆ ಬುದ್ಧಿ ಹೇಳಲು ನಿಂತರು. ಹಿಂದಿನ ದಿನ ರುಮಾಲಿನಿಂದ ಕಣ್ಣೀರು ಒರೆಸಿಕೊಂಡು ನಕ್ಕಿದ್ದ ಶಾಂತಲಿಂಗಪ್ಪನವರು, "ರೊಟ್ಟಿದು ಸ್ವಲ್ಪ ಜಾಸ್ತಿ ಆತು ನೋಡು. ಉಣ್ಣೂ ಮನಶ್ಯಾನ ಊಟ ಆಡಿಕೋಬಾರದು" ಎಂದರು. ಗರಡಿಯಲ್ಲಿ ತಾಲೀಮು ಕಲಿಸುವ ಉಸ್ತಾದ ಜಹೀರುದ್ದೀನ ಅಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಿ, "ರೊಟ್ಟಿ ಅಲ್ಲ ಬಾಳಮ್ಮ, ಕಿವಿ. ಪೈಲವಾನಗ ಕಿವೀನೇ ಸರ್ಟಿಫಿಕೇಟು. ಅದಕ್ಕ ನೀ ಬದನಿಕಾಯಿ ಅಂದಿ" ಎಂದ. ಪಕ್ಕದಲ್ಲಿ ಕೂತು ಕಾಳು ಆರಿಸುವವಳು ಗೊರಕೆ ಅಂದಳು. ಹಜಾಮತಿ ಅಂಗಡಿಯವನು ಮೀಸೆ ಅಂದ. ಬಾಳಮ್ಮ ಒಬ್ಬೊಬ್ಬರು ಹೇಳಿದಾಗಲೂ ಅದೇ ಖರೆ ಅಂದುಕೊಂಡಳು. ಸಂಜೆ ಮನೆಗೆ ಹೋಗಿ ಆ ನುಡಿಯನ್ನು ತಿರುವಿ ತಿರುವಿ ನೋಡಿದರೆ ಅದರಲ್ಲಿ ವಿಷ ಕಾಣುತ್ತಿರಲಿಲ್ಲ. ಆ ನುಡಿಗೆ ಅವನು ನಕ್ಕಿದ್ದನಲ್ಲ, ಹೆಗಲು ಕುಲುಕಿದ್ದನ್ನು ತಾನೇ ನೋಡಿದ್ದೆನಲ್ಲ. ನಕ್ಕವನು ಎದ್ದು ಹೋದದ್ದೇಕೆ? ಸೊಲ್ಲಾಪುರದ್ದನ್ನು ಹಾಡಿದ್ದಕ್ಕೆ ಅವನು ಎದ್ದು ಹೋಗಿದ್ದರೆ ತಿಳಿಯುತ್ತಿತ್ತು. ಅದನ್ನಂತೂ ಬಿಟ್ಟಿದ್ದಳು. ತಲೆ ಚಿಟ್ಟು ಹಿಡಿದು, ಹಸನು ಮಾಡಿದ ತೊಗರಿಯನ್ನೂ ಹಸನು ಮಾಡದ್ದನ್ನೂ ಒಂದೇ ಚೀಲಕ್ಕೆ ಸುರಿದು ಬೈಸಿಕೊಂಡಳು.

ಇದಿಷ್ಟೇ ಆಗಿದ್ದರೆ ಕಾಲ ಕಳೆದಂತೆ ಮರೆಯುತ್ತಿತ್ತೇನೋ. ಆದರೆ ತಿಂಗಳೊಪ್ಪತ್ತಿನಲ್ಲಿ ನರೋಣಾದಲ್ಲಿ ಅವಳ ಅಣ್ಣನ ಮಗಳು ಗೌರಾಬಾಯಿಯ ಮದುವೆಯಿತ್ತು. ಗಂಡಿನವರು ಅಫಜಲಪುರದ ಕಡೆಯವರು, ಹಾಡುವುದರಲ್ಲಿ ಗಟ್ಟಿಗರು. ಹಡೆದವಳನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಗೌರಾಬಾಯಿ ಬಾಳಮ್ಮನ ಕೈಯಲ್ಲಿ ಬೆಳೆದವಳು. ಖಣ ಬೀಳಲಿಲ್ಲವೆಂದು ಅವಳ ಹಂದರದಲ್ಲಿ ಬಾಳಮ್ಮ ಬಾಯಿ ಮುಚ್ಚಿಕೊಂಡು ನಿಂತರೆ, ಹೇಳುವವರು ಕೇಳುವವರು ಇಲ್ಲದ ಹೆಣ್ಣು ಎಂದು ಬೀಗರು ಮೊದಲ ದಿನವೇ ತಿಳಿಯುತ್ತಾರೆ.

"ಅತ್ತಿ, ಯಾರಿಗೆ ಗೊತ್ತಾಗ್ತದ? ಖಣದ ಮಾತು ಬಿಡು, ಸುಮ್ಮ ಹಾಡು" ಎಂದಳು ಗೌರಾಬಾಯಿ.

ಬಾಳಮ್ಮ ಯತ್ನ ಮಾಡಿದಳು. ಅಕ್ಕಿ ಹಸನು ಮಾಡುವ ದಿನ ನಾಲ್ಕು ಹೆಂಗಸರ ನಡುವೆ ಕೂತು ಬಾಯಿ ತೆರೆದಳು. ಎರಡು ಸಾಲು ಹಾಡುವಷ್ಟರಲ್ಲಿ ಅಂದುಕೊಂಡದ್ದೆಲ್ಲ ಬರೀ ಬೈಗುಳದಂತೆ ಕೇಳಿಸಿತು. ಮದುಮಗನ ಅವ್ವನನ್ನು ನಿಜವಾಗಿಯೂ ಹಳಿಯುತ್ತಿದ್ದೇನೆ ಅನ್ನಿಸಿ ನಾಲಿಗೆ ಹೊರಳಲಿಲ್ಲ. ಖಣ ಬೀಳದ ಹಾಡಿನ ಮೇಲೆ ಇನ್ನೊಂದು ಹಾಡಬೇಡವೆಂಬ ಗುರಮ್ಮನ ಮೂರನೆಯ ಮಾತಿನ ಅರ್ಥ ಅಂದು ಅವಳಿಗೆ ತಿಳಿಯಿತು.

ಮದುವೆಗೆ ಎಂಟು ದಿನ ಉಳಿದಾಗ ತಾಟಿನಲ್ಲೇ ಉಳಿದಿದ್ದ ಆ ಖಣವನ್ನು ಸಾಹುಕಾರರಿಂದ ಕೇಳಿ ಪಡೆದು, ಚೀಲದಲ್ಲಿಟ್ಟುಕೊಂಡು ಬಾಳಮ್ಮ ಕಲಬುರ್ಗಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಜೇವರ್ಗಿಗೆ ಇಳಿದಳು. ಸರ್ದಾರನ ಮನೆ ಕೇಳಿದರೆ ಯಾರೂ ಜೋರಾಗಿ ಹೇಳಲಿಲ್ಲ. ಪಾನಪಟ್ಟಿಯವನು ದನಿ ತಗ್ಗಿಸಿ, ರೋಡಿನಾಚೆ ಕೈ ತೋರಿಸಿದ. ಯಾವುದೋ ಸಾವಿನ ಮನೆಗೆ ದಾರಿ ಕೇಳಿದ ಹಾಗಾಯಿತು ಬಾಳಮ್ಮನಿಗೆ.

ಸರ್ದಾರ ಅಂಗಳದಲ್ಲಿ ಎಮ್ಮೆ ತೊಳೆಯುತ್ತಿದ್ದ. ಅವಳನ್ನು ಕಂಡು ಗುರುತು ಹಿಡಿದು, ಕೈ ಒರೆಸಿಕೊಂಡು, ಕೂಡಲು ಹಗ್ಗದ ಹೊರಸು ಹಾಕಿದ. ಅವನ ತಾಯಿ ಕುಲಸುಮಬಿ ಚಹಾ ತಂದು, "ಬೈಠೋ ಮಾ, ದೂರದಿಂದ ಬಂದೀದಿ" ಎಂದು ತಾನೂ ಕಟ್ಟೆಯ ಮೇಲೆ ಕೂತಳು. ಬಾಳಮ್ಮ ಚಹಾ ಮುಟ್ಟಲಿಲ್ಲ.

"ಪೈಲವಾನರ, ನಿಮಗ ಯಾವ ನುಡಿ ಚುಚ್ಚಿತು ಹೇಳ್ರಿ. ಅದನ್ನ ನಾ ಇವತ್ತಿಗೇ ಮರ್ತು ಬಿಡ್ತೇನಿ. ರೊಟ್ಟೀದೋ, ಕಿವೀದೋ?"

"ಯಾವುದೂ ಚುಚ್ಚಿಲ್ಲಕ್ಕ. ಕಿವೀದು ನಮ್ಮವ್ವನ ಮುಂದ ನಾನೇ ಹಾಡಿ ತೋರ್ಸೇನಿ."

"ಹೌದು. ಹಾಲಿನ ಚರಗೀದು ಖರೇನೇ ಅದ" ಎಂದಳು ಕುಲಸುಮಬಿ.

"ಮತ್ತ್ಯಾಕ ಎದ್ದು ಹ್ವಾದ್ರಿ?"

ಸರ್ದಾರ ಎಮ್ಮೆಯ ಬೆನ್ನ ಮೇಲೆ ಒಂದು ತಂಬಿಗೆ ನೀರು ಸುರಿದ. ಅವನು ಮಾತಿನವನಲ್ಲ, ಹುಡುಕಿ ಹುಡುಕಿ ಹೇಳಬೇಕಾಗಿತ್ತು.

"ನಾ ಹೋಟೆಲ್ಲಿಗೆ ಹ್ವಾದ್ರ ಮಂದಿ ಕುಸ್ತಿ ಮಾತು ಬಿಟ್ಟು ಮಳಿ ಮಾತು ತೆಗೀತಾರಕ್ಕ. ಎರಡು ವರ್ಷಾತು. ಸೊಲ್ಲಾಪುರ ಅನ್ನೂ ಊರೇ ಇಲ್ಲ ಅನ್ನೂ ಹಂಗ ಮಾತಾಡ್ತಾರ. ಆ ಕಡೆ ಹೋಗೂ ಬಸ್ಸಿನ ಹೆಸರು ಸೈತ ನನ್ನ ಮುಂದ ಹೇಳಂಗಿಲ್ಲ. ಆಳಂದದಾಗ ಬೈಯೂ ಬಾಳಮ್ಮ ಬರ್ತಾಳ ಅಂದ್ರು. ಆಕಿ ಯಾರನ್ನೂ ಬಿಟ್ಟಾಕಿ ಅಲ್ಲ, ಆಕಿ ಒಮ್ಮಿ ಅಂದು ಬಿಡ್ತಾಳ, ಊರೆಲ್ಲಾ ನಗ್ತದ, ನಾನೂ ನಗ್ತೇನಿ, ಅಲ್ಲಿಗೆ ಮುಗೀತು, ಅಂತ ಅವ್ವಗ ಹೇಳಿ ಹೊಂಟಿದ್ದೆ. ಒಂದು ಮುಗೀತು, ಎರಡು ಮುಗೀತು, ಈಗ ಬರ್ತದ ಈಗ ಬರ್ತದ ಅಂತ ಕುಂತೆ. ನೀವು ಕೈ ಮುಗದ್ರಿ." ಅವನು ತಂಬಿಗೆ ಕೆಳಗಿಟ್ಟ. "ನೀವೂ ದನಿ ತಗ್ಗಿಸಿದ್ರಿ. ನಾ ಸತ್ತೇನಿ ಅಂತ ಅವತ್ತು ಖಾತ್ರಿ ಆತು ನೋಡ್ರಿ."

ಬಾಳಮ್ಮನಿಗೆ ಇನ್ನಷ್ಟು ಗೊಂದಲವಾಯಿತು. ಐದು ನುಡಿಗಳನ್ನು ಇಷ್ಟು ದಿನ ಕಾಳಿನಂತೆ ಒಂದೊಂದಾಗಿ ಆರಿಸಿದ್ದಳು, ಕಲ್ಲು ಅವುಗಳಲ್ಲಿ ಇರಲೇ ಇಲ್ಲ. ಒಳ್ಳೆಯದು ಮಾಡಿದೆನೆಂದು ಬೀಗಿದ ಕೆಲಸವೇ ಕೆಟ್ಟದ್ದಾಗಿತ್ತೆ? ಹಾಗಾದರೆ ಅವಳು ಇಷ್ಟು ವರ್ಷ ಕರುಣೆಯಿಂದ ಬಿಟ್ಟ ನುಡಿಗಳೆಷ್ಟು, ಬಿಟ್ಟದ್ದಕ್ಕೆ ನೊಂದವರೆಷ್ಟು? ಕುಂಟ ಮದುಮಗನೊಬ್ಬ ನೆನಪಿಗೆ ಬಂದ. ಅವನ ಕಾಲು ಬಿಟ್ಟು ಉಳಿದದ್ದನ್ನೆಲ್ಲ ಹಾಡಿದ್ದಳು. ಅವನು ನಕ್ಕಿದ್ದನೋ ಇಲ್ಲವೋ ಈಗ ನೆನಪಾಗಲೊಲ್ಲದು.

"ಅದನ್ನ ಕಟ್ಟಿದ್ದೆರಿ" ಎಂದಳು ಕೊನೆಗೆ. "ಛಲೋ ಬಂದಿತ್ತು. ನಾನೇ ಬಿಟ್ಟೆ."

"ಕಟ್ಟಿದ್ರಿ?" ಸರ್ದಾರ ಮುಖ ಮೇಲೆತ್ತಿದ. "ಹಾಡ್ರಿ ಮತ್ತ."

ಬಾಳಮ್ಮ ಚಹಾದ ಬಟ್ಟಲನ್ನು ಆಚೆ ಸರಿಸಿ ಕೂತೇ ಇದ್ದಳು. ಕುಲಸುಮಬಿ, "ಹಾಡು ಮಾ, ಯಾಕ ಅಂಜತಿ" ಎಂದು ಮೊಣಕೈ ತಿವಿದಳು. ಬಾಳಮ್ಮ ಎದ್ದು ನಿಂತು ಸೆರಗು ಸಿಕ್ಕಿಸಿದಳು.

ಸೊಲ್ಲಾಪುರಕ್ಕ ಹೋಗಿದ್ದ ಅಳಿಯ
ಏನೇನ ತಂದಾನ ಕೇಳ್ರೆವ್ವ
ಚಾದರ ತಾರಂದ್ರ ಮರೆತು ಬಂದಾನ
ಬೆನ್ನ ತುಂಬ ಮಣ್ಣ ತಂದಾನ

ಮೊದಲು ನಕ್ಕವಳು ಕುಲಸುಮಬಿ. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗೆ ನಿಲ್ಲಲಿಲ್ಲ. "ಹೌದಲ್ಲೋ ಸರ್ದಾರ, ಚಾದರ ತಾ ಅಂತ ನಾ ಖರೇನೇ ಹೇಳಿದ್ದೆ" ಎಂದಳು, ಎರಡು ವರ್ಷ ನುಂಗಿಕೊಂಡಿದ್ದ ಮಾತು. ಸರ್ದಾರ ನಕ್ಕ ಸದ್ದಿಗೆ ಎಮ್ಮೆ ಗಾಬರಿಯಾಗಿ ಹಗ್ಗ ಜಗ್ಗಿತು. ಅವನ ಕಣ್ಣಲ್ಲಿ ನೀರೂ ಬಂತು. ಅದನ್ನು ಎಮ್ಮೆ ತೊಳೆದ ನೀರಿನಲ್ಲೇ ತೊಳೆದುಕೊಂಡ.

ಬಾಳಮ್ಮ ಚೀಲದಿಂದ ಖಣ ತೆಗೆದು ಹೊರಸಿನ ಮೇಲಿಟ್ಟಳು. "ನನಗ ಉತ್ತರ ಬೇಕ್ರಿ. ತಿರುಗಿ ಬೈದು ಇದನ್ನ ಸೆರಗಿನಾಗ ಹಾಕ್ರಿ. ಇಲ್ಲಂದ್ರ ಗೌರಾಬಾಯಿ ಮದುವ್ಯಾಗ ನಾ ಹಾಡಾಕ ಬರಂಗಿಲ್ಲ."

ಸರ್ದಾರ ಖಣ ಎತ್ತಿಕೊಂಡ. ಎತ್ತಿಕೊಂಡವನು ಅನುಮಾನಿಸಿದ.

"ಉತ್ತರ ಅದ ಅಕ್ಕ. ನಿಮ್ಮ ಹಾಡು ಕೇಳ್ತಾ ಕೇಳ್ತಾ ಮನಸಿನಾಗೇ ಬಂತು. ಖರೇ, ಅದನ್ನ ಅನಬ್ಯಾಡ ಅಂತ ನಿಮ್ಮ ಸಾಹುಕಾರ್ರು ಅವತ್ತು ಕಿವ್ಯಾಗ ಹೇಳಿದ್ರು. ಆಕಿ ಹಲ್ಲಿಗೆ ಏನರೆ ಅನ್ನು, ಆಕಿ ಗಂಡ ಸೊಲ್ಲಾಪುರಕ್ಕ ಹ್ವಾದಾಂವ ಇಪ್ಪತ್ತೊಂದು ವರ್ಷಾತು ಬಂದಿಲ್ಲ, ಆ ಮಾತು ಮಾತ್ರ ತೆಗೀಬ್ಯಾಡ, ಪಾಪ, ಅಂದ್ರು. ನಾ ಹಲ್ಲಿನ ಮ್ಯಾಲೆ ಒಂದು ಹಾಡ್ತೇನಿ, ಬಿಡ್ರಿ."

ಪಾಪ. ಇಪ್ಪತ್ತೊಂದು ವರ್ಷದಲ್ಲಿ ಆ ಮಾತನ್ನು ಯಾರೂ ಅವಳ ಎದುರಿಗೆ ಆಡಿರಲಿಲ್ಲ. ಎಲ್ಲರೂ ಬೆನ್ನ ಹಿಂದೆ ಆಡುತ್ತಿದ್ದರು ಎಂಬುದು ಜೇವರ್ಗಿಯ ಈ ಅಂಗಳದಲ್ಲಿ, ಪರಿಚಯವಿಲ್ಲದವರ ಎದುರು ಅವಳಿಗೆ ತಿಳಿಯಿತು. ಮರ್ಯಾದೆಯೆಂದು ಹೊದ್ದುಕೊಂಡಿದ್ದು ಅದೇನಾ? ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಹಲ್ಲಿನ ಮೇಲೆ ಒಂದು ನುಡಿ ಹಾಡಿಸಿಕೊಂಡರೂ ಖಣ ಸೆರಗಿಗೆ ಬೀಳುತ್ತಿತ್ತು, ಕಟ್ಟಳೆ ಮುಗಿಯುತ್ತಿತ್ತು, ಸಂಜೆಯ ಬಸ್ಸಿಗೆ ಊರು ಸೇರಬಹುದಿತ್ತು.

"ಬ್ಯಾಡ್ರಿ" ಎಂದಳು. "ಹಲ್ಲಿಂದು ಬ್ಯಾಡ. ನಾ ನಿಮಗ ಅಂದೀನಲ್ರಿ. ನೀವೂ ಅನ್ರಿ."

ಸರ್ದಾರ ತಾಯಿಯ ಮುಖ ನೋಡಿದ. ಕುಲಸುಮಬಿ ತಲೆಯಾಡಿಸಿದಳು. ಪೈಲವಾನನ ದನಿ ಒಡಕು, ತಾಳಕ್ಕೆ ಸಿಗದ ದನಿ. ಆದರೂ ತಗ್ಗಿಸದೆ ಹಾಡಿದ.

ಬೆನ್ನ ಮಣ್ಣ ಹೊತ್ತು ನಾನಾದ್ರೂ ಬಂದೆ
ನಿನ್ನಾಂವ ಎಲ್ಲಿ ಹೇಳ ನಮ್ಮಕ್ಕ
ಇಪ್ಪತ್ತೊಂದ ವರುಷ ಪ್ಯಾಟ್ಯಾಗ ನಿಂತಾನ
ಚಾದರ ಇನ್ನೂ ಆರಸ್ತಾನ

ಬಾಳಮ್ಮನ ಕಣ್ಣ ಮುಂದೆ ಹಣಮಂತರಾಯ ಬಂದ. ಇಷ್ಟು ವರ್ಷ ನೆನಪಿಗೆ ಬಂದಾಗಲೆಲ್ಲ ಅವನಿಗೆ ಇಪ್ಪತ್ತನಾಲ್ಕೇ ವಯಸ್ಸು, ಕೈಯಲ್ಲಿ ಟ್ರಂಕು. ಈಗ ಬಂದವನಿಗೆ ತಲೆ ನರೆತಿತ್ತು, ಸೊಂಟ ಬಗ್ಗಿತ್ತು. ಸೊಲ್ಲಾಪುರದ ಯಾವುದೋ ಅಂಗಡಿಯಲ್ಲಿ ನಿಂತು, ಹೆಗಲ ಮೇಲೊಂದು ಚಾದರ, ತೋಳಿನ ಮೇಲೊಂದು ಚಾದರ ಹಾಕಿಕೊಂಡು, ಇದು ಬೇಡ ಇನ್ನೊಂದು ತೋರಿಸಿ ಅನ್ನುತ್ತಿದ್ದ. ಅಂಗಡಿಯವನು ಬೇಸತ್ತು ತೂಕಡಿಸುತ್ತಿದ್ದ.

ಹೊಟ್ಟೆಯ ಒಳಗೆಲ್ಲಿಂದಲೋ ಒಂದು ಸದ್ದು ಹೊರಟಿತು. ಅದು ಅಳುವೋ ನಗೆಯೋ ಬಾಳಮ್ಮನಿಗೇ ತಿಳಿಯಲಿಲ್ಲ. ಕುಲಸುಮಬಿ ಅವಳ ಭುಜ ಹಿಡಿದುಕೊಂಡಳು. ಬಾಯಿ ತೆರೆದಾಗ ಅದು ನಗೆಯಾಗಿ ಹೊರಗೆ ಬಂತು, ಕಣ್ಣಿನಿಂದ ನೀರಾಗಿಯೂ ಬಂತು. ನಗುತ್ತ ನಗುತ್ತ ಹೊರಸಿನ ಮೇಲೆ ಕುಸಿದಳು. ಸರ್ದಾರ ಖಣ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಅವಳೇ ಸೆರಗು ಒಡ್ಡಿದಳು. ಖಣ ಬಿತ್ತು.

ಬಾಳಮ್ಮ ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಆರಿದ ಚಹಾ ಕುಡಿದು, ಮುಖ ಒರೆಸಿಕೊಂಡಳು.

"ಇನ್ನೊಮ್ಮಿ ಹಾಡ್ರಿ ಪೈಲವಾನರ" ಎಂದಳು. "ಅಫಜಲಪುರದ ಬೀಗರಿಗೆ ಇದು ಬರಂಗಿಲ್ಲ. ಮದುವಿಗಿಂತ ಮೊದಲ ನಾನೇ ಹೋಗಿ ಅವರಿಗೆ ಕಲಿಸಬೇಕು."